ದಲ್ಲಾಳಿಗಳ ಸಂಘವೂ ಮನೆಯ ಹಕ್ಕೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದುಂಟು. ಒಂದು ಸಮೂಹಕ್ಕೆ ಸೇರಿದವರು ತಮ್ಮೊಳಗೆ ಮಾಡಿಕೊಂಡ ಕಟ್ಟುಪಾಡನ್ನು ಮೀರಿದವನ ಸರ್ವಸ್ವವನ್ನೂ ಹರಣಮಾಡಿ ಅವನನ್ನು ರಾಷ್ಟ್ರದಿಂದ ಹೊರಡಿಸಬೇಕೆಂದು ಅಲ್ಲಿ ವಿಧಿಸಿದೆ. ಶ್ರೇಣಿ, ನೈಗಮ, ಪಾಷಂಡಿ, ಗಣಗಳಿಗೂ ಇದೇ ವಿಧಿಯು ಸಲ್ಲುವುದೆಂದು ಮುಂದೆ ಹೇಳಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನಿಗೆ ಇಂತಹ ಸಮೂಹಗಳು ಕೇವಲ ಗ್ರಂಥದ ಮಾತಾಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರು ಬಣಂಜುಧರ್ಮವನ್ನು ಪಾಲಿಸುವವರೆಂದು ತಮ್ಮನ್ನು ಹೊಗಳಿಕೊಂಡ ಶಾಸನಗಳು ಅದೇ ನಾಡಿನಲ್ಲಿ, ಅದೇ ಕಾಲದಲ್ಲಿ ನಿಂತವು. ಆದರೆ ಸ್ಮೃತಿಯು ಸಮೂಹದ ಸಮಯಕ್ಕೆ ಅರಸನ ಬೆಂಬಲವನ್ನು ಕೊಡುವಾಗ ಒಂದು ಷರತ್ತನ್ನು ಹಾಕಿದೆ. ಆ ಸಮಯವು ನಿಜಧರ್ಮಕ್ಕೆ ವಿರುದ್ಧವಾಗಿರಕೂಡದು. ವ್ಯಾಖ್ಯಾನಕಾರನು ಈ ನಿಜಧರ್ಮವನ್ನು ಶ್ರೌತಸ್ಮಾರ್ತಧರ್ಮವೆಂದು ಅರ್ಥಮಾಡಿದ್ದಾನೆ. ಎಂದರೆ ವೃತ್ತಿಯವರ ಕಟ್ಟಳೆಗಿಂತ ಮೇಲಾದ ಕಟ್ಟಳೆ ಒಂದುಂಟು, ಅದಕ್ಕೆ ಇದು ತಗ್ಗಿ ನಡೆಯಬೇಕು ಎಂಬುದು ಅಭಿಪ್ರಾಯ.

ಈ ಷರತ್ತು ಏತಕ್ಕೆ ಬೇಕಾಯಿತೆಂಬುದನ್ನು ಸ್ಮೃತಿಕಾರನು ವಿವರಿಸಲಿಲ್ಲ. ಅದನ್ನು ತಿಳಿಯಲು ಬಹುದೂರದ ಒಂದು ನಾಡಿನ, ತೀರ ಈಚಿನ ಚರಿತ್ರೆಯು ನೆರವಾಗುವುದು. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಮನೆ ನಿವೇಶನಗಳ ಕ್ರಯವಿಕ್ರಯದಲ್ಲಿ ನಡುವೆ ನಿಂತು ವ್ಯವಹಾರ ಕುದುರಿಸುವ ದಲ್ಲಾಳಿಗಳು ೧೯೦೮ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ಆ ಸಂಘವು ತನ್ನ ಸದಸ್ಯರಿಗಾಗಿ ಬರೆದ ನಿಯಮಗಳು ಎರಡು ಮೂರು ದಶಕಗಳೊಳಗಾಗಿ ಒಂದು ಮಹಾರಾಷ್ಟ್ರದ ಪಟ್ಟಣಗಳಲ್ಲಿ ಯಾರು ಎಲ್ಲಿ ವಾಸಿಸಬಹುದೆಂಬುದನ್ನು ಗೊತ್ತುಮಾಡಿದುವು. ಶಾಸನಸಭೆಯು ಮಾಡಲಾರದುದನ್ನು, ನ್ಯಾಯಾಲಯವು ಮಾಡಕೂಡದೆಂದು ಹೇಳಿದುದನ್ನು, ಒಂದು ವೃತ್ತಿಸಂಘವು ಮಾಡಿ ಮುಗಿಸಿತು.

ಸಂಘವು ಹುಟ್ಟುವ ಮೊದಲು ಆ ದೇಶದಲ್ಲಿ ದಲ್ಲಾಳಿಗೆ ಗೌರವವಿರಲಿಲ್ಲ. ಅಂಗಡಿಯಿಲ್ಲದೆ, ಹೆಸರಿನ ಹಲಗೆಯಿಲ್ಲದೆ, ಬೀದಿಯ ಅಂಚಿನಲ್ಲಿ ನಿಂತು ಇತರರ ಸ್ವತ್ತನ್ನು ಮಾರಿಸಿ ಹಣ ಎತ್ತುವವನೂ ದಲ್ಲಾಳಿಯೇ. ಪಟ್ಟಣದ ಅರ್ಧ ಭಾಗದ ಕ್ರಯವನ್ನು ನಡೆಯಿಸುವ ದೊಡ್ಡ ವ್ಯವಹಾರಸ್ಥನೂ ದಲ್ಲಾಳಿಯೇ. ಒಂದೇ ಮನೆಯನ್ನು ನಾಲ್ವರಿಗೆ ತೋರಿಸಿ ನಾಲ್ವರಿಂದಲೂ ಮುಂಗಡ ಪಡೆಯುವುದು, ಕೊಳ್ಳುವವನಿಗೆ ಒಂದು ಬೆಲೆಯನ್ನೂ ಮಾರುವವನಿಗೆ ಇನ್ನೊಂದು ಬೆಲೆಯನ್ನೂ ಹೇಳಿ ನಡುವಣ ಅಂತರವನ್ನು ನುಂಗುವುದು ಮೊದಲಾದ ಅಕ್ರಮಗಳು ನಡೆಯುತ್ತಿದ್ದುವು. ೧೯೦೮ರ ಮೇ ತಿಂಗಳಲ್ಲಿ ಶಿಕಾಗೊ ನಗರದಲ್ಲಿ ಹತ್ತೊಂಬತ್ತು ಊರುಗಳ ಮಂಡಲಿಗಳೂ ಕ್ಯಾಲಿಫೋರ್ನಿಯದ ಪ್ರಾಂತಸಂಘವೂ ಕೂಡಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದುದು ಮೊದಲಿಗೆ ಈ ಅಪಕೀರ್ತಿಯನ್ನು ತೊಳೆಯುವುದಕ್ಕಾಗಿ. ಈ ಉದ್ದೇಶವನ್ನು ಹುಸಿಯೆನ್ನಲಾಗದು. ೧೯೧೩ರಲ್ಲಿ ಅಂಗೀಕೃತವಾದ ನೀತಿಸಂಹಿತೆಯಲ್ಲಿ ಮೋಸವನ್ನು ತಡೆಯುವ, ಕಕ್ಷಿಗಾರನಿಗೆ ನಿಷ್ಠೆಯಿಂದ ನಡೆದುಕೊಳ್ಳಬೇಕೆನ್ನುವ ವಿಧಿಗಳು ನಿಜವಾಗಿಯೂ ಇದ್ದುವು. ವೈದ್ಯರಂತೆ, ವಕೀಲರಂತೆ ತಾವೂ ಒಂದು ವಿದ್ಯಾವೃತ್ತಿಯವರೆನ್ನಿಸಿಕೊಳ್ಳಬೇಕೆಂಬ ಹಂಬಲವು ಆ ಸಂಹಿತೆಯ ಉದ್ದಕ್ಕೂ ಕಾಣುವುದು.

ಹೆಸರಿನ ಮಾತೂ ಇದರಲ್ಲಿ ಸೇರಿಕೊಂಡಿತು. ಮಿನಿಯಾಪೊಲಿಸ್ ನಗರದ ಚಾರ್ಲ್ಸ್ ಚ್ಯಾಡ್‌ಬರ್ನ್ ಎಂಬ ವ್ಯವಹಾರಸ್ಥನು ‘ರಿಯಲ್ಟರ್’ ಎಂಬ ಹೊಸ ಶಬ್ದವನ್ನು ಸೃಷ್ಟಿಸಿದನು. ಬಡ ವಿಧವೆಯೊಬ್ಬಳನ್ನು ಸ್ಥಿರಾಸ್ತಿಯ ದಲ್ಲಾಳಿ ಸುಲಿದನೆಂದು ಪತ್ರಿಕೆ ಮಾರುವ ಹುಡುಗನು ಬೀದಿಯಲ್ಲಿ ಕೂಗುತ್ತಿದ್ದುದನ್ನು ಕೇಳಿ, ಆ ದಲ್ಲಾಳಿಯು ಮಂಡಲಿಯ ಸದಸ್ಯನಲ್ಲವೆಂದು ತಿಳಿದು, ಸದಸ್ಯರಿಗೆ ಬೇರೆ ಹೆಸರೇ ಬೇಕೆಂದು ಅವನಿಗೆ ತೋರಿತಂತೆ. ೧೯೧೬ರಲ್ಲಿ ಸಂಘವು ಆ ಶಬ್ದವನ್ನು ತನ್ನದಾಗಿ ಮಾಡಿಕೊಂಡಿತು. ಸಂಘದ ಸದಸ್ಯನಲ್ಲದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಆ ಹೆಸರನ್ನು ಇಟ್ಟುಕೊಳ್ಳುವಂತಿಲ್ಲ. ಸಿಂಕ್ಲೇರ್ ಲೂಯಿಸನ ‘ಬ್ಯಾಬಿಟ್’ ಕಾದಂಬರಿಯನ್ನು ಓದಿದವರಿಗೆ ಈ ಶಬ್ದದ ಪರಿಚಯ ಚೆನ್ನಾಗಿ ಇರುವುದು. ೧೯೨೨ರಲ್ಲಿ ಪ್ರಕಟವಾದ ಆ ಕಾದಂಬರಿಯ ನಾಯಕನು ಮನೆ ಮಾರುವವನು. ತನ್ನನ್ನು ರಿಯಲ್ಟರನೆಂದೇ ಕರೆಯಬೇಕೆಂದು ಹಟಹಿಡಿಯುವವನು. ಪ್ರಾಂತಸಂಘದ ಸಮ್ಮೇಳನದಲ್ಲಿ ಉಪನ್ಯಾಸ ಮಾಡಿ ಹಿಗ್ಗುವವನು. ಲೂಯಿಸನು ಅವನ ಪೊಳ್ಳುತನವನ್ನು ನಗೆಗೀಡುಮಾಡಿದನು. ಆದರೆ ಆ ಉಪನ್ಯಾಸಗಳ ಮರೆಯಲ್ಲಿ ಸಂಘವು ಮಾಡುತ್ತಿದ್ದ ಕೆಲಸವು ನಗೆಯ ವಿಷಯವಾಗಿರಲಿಲ್ಲ. ಅದು ಕಾದಂಬರಿಕಾರನ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲವೆನ್ನಬೇಕು.

ಸಂಘದ ಕಟ್ಟಳೆಯು ನಾಡಿನ ಕಾನೂನಾಗುವುದಕ್ಕೆ ಮೊದಲ ದಾರಿ ಲೈಸೆನ್ಸು. ಸಂಘದ ನ್ಯಾಯಸಲಹೆಗಾರನಾದ ನೇಥನ್ ವಿಲಿಯಂ ಮ್ಯಾಕ್‌ಚೆಸ್ನಿಯು ಒಂದು ಮಾದರಿ ಮಸೂದೆಯನ್ನು ಸಿದ್ಧಪಡಿಸಿದನು. ಪ್ರಾಂತಪ್ರಾಂತಗಳ ಶಾಸನಸಭೆಗಳ ಮುಂದೆ ಆಯಾ ಪ್ರಾಂತದ ಸಂಘಗಳು ಅದನ್ನು ತಂದವು. ಕ್ಯಾಲಿಫೋರ್ನಿಯದಲ್ಲಿ ೧೯೧೭ರ ಕಾಯಿದೆಯು ನ್ಯಾಯಾಲಯದಲ್ಲಿ ಬಿದ್ದುಹೋದರೂ ೧೯೧೯ರಲ್ಲಿ ತಿದ್ದಿ ಹೊರಡಿಸಿದ ಕಾಯಿದೆಯು ನಿಂತಿತು. ಉಳಿದ ಪ್ರಾಂತಗಳು ಒಂದೊಂದಾಗಿ ಹಿಂಬಾಲಿಸಿದುವು. ಲೈಸೆನ್ಸಿಲ್ಲದೆ ಮನೆ ಮಾರಿಸುವುದು ಅಪರಾಧವಾಯಿತು. ಇದರಿಂದ ಕೊಳ್ಳುವವರಿಗೆ ರಕ್ಷಣೆ ದೊರೆಯಿತೆಂಬುದು ಸತ್ಯ. ಲೈಸೆನ್ಸು ಕೊಡುವ ಆಯೋಗಗಳಲ್ಲಿ ಬಹುಮಟ್ಟಿಗೆ ಸಂಘದವರೇ ಕುಳಿತರೆಂಬುದೂ ಅಷ್ಟೇ ಸತ್ಯ. ಇನ್ನೊಂದು ದಾರಿ ವಿದ್ಯೆಯದು. ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರಜ್ಞನು ೧೯೨೦ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಭೂಮಿಯ ಅರ್ಥಶಾಸ್ತ್ರಕ್ಕಾಗಿ ಒಂದು ಸಂಶೋಧನಾಲಯವನ್ನು ತೆರೆದನು. ೧೯೨೫ರಲ್ಲಿ ಅದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯಕ್ಕೆ ಬಂದಿತು. ಸಂಘದೊಡನೆ ಕೂಡಿಕೊಂಡು ಅಲ್ಲಿಂದ ಹೊರಟ ಪಠ್ಯಪುಸ್ತಕಗಳನ್ನು ಓದಿಯೇ ಮುಂದಿನ ತಲೆಮಾರಿನ ದಲ್ಲಾಳಿಗಳೂ ಬೆಲೆಕಟ್ಟುವವರೂ ತಯಾರಾದರು. ಹೀಗೆ ಸಂಘದ ಅಭಿಪ್ರಾಯವು ಕಾಯಿದೆಯ ಭಾಷೆಯನ್ನೂ ಶಾಸ್ತ್ರದ ಭಾಷೆಯನ್ನೂ ಪಡೆಯಿತು.

ಈ ಸಲಕರಣೆಗಳೆಲ್ಲ ಒದಗುತ್ತಿದ್ದ ಕಾಲದಲ್ಲಿಯೇ ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಕಪ್ಪುಜನರು ಉತ್ತರದ ಪಟ್ಟಣಗಳಿಗೆ ಬರತೊಡಗಿದರು. ಶಿಕಾಗೊ ನಗರದಲ್ಲಿ ೧೯೧೦ರಲ್ಲಿ ಅವರ ಸಂಖ್ಯೆ ೪೪,೧೦೩, ೧೯೨೦ರಲ್ಲಿ ೧,೦೯,೪೫೮. ಇಷ್ಟು ಜನರು ಹಿಂದಿನ ಇಕ್ಕಟ್ಟಾದ ಪಟ್ಟಿಯಲ್ಲಿ ಹಿಡಿಸಲಾರದೆ ನೆರೆಯ ಬೀದಿಗಳಲ್ಲಿ ಮನೆ ಹುಡುಕಿದುದು ಸಹಜವೇ ಆಗಿತ್ತು. ೧೯೧೭ರ ಏಪ್ರಿಲಿನಲ್ಲಿ ಶಿಕಾಗೊ ಮಂಡಲಿಯ ಒಂದು ಸಮಿತಿಯು, ಕಪ್ಪುಜನರ ವಾಸವು ಒಂದು ಚೌಕ ತುಂಬಿದ ಮೇಲೆ ಅದಕ್ಕೆ ತಾಗಿರುವ ಮುಂದಿನ ಚೌಕಕ್ಕೆ ಮಾತ್ರ ಹಬ್ಬತಕ್ಕದ್ದೆಂದು ಸೂಚಿಸಿತು. ಹೊಲಕ್ಕೆ ನೀರು ಬಿಡುವವನು ಮಡಿಯಿಂದ ಮಡಿಗೆ ಬದುವನ್ನು ಕಡಿಯುತ್ತ ಹೋಗುವಂತೆ ಮನುಷ್ಯರನ್ನು ಬಿಡುವ ಯೋಜನೆ ಅದು. ಇದಕ್ಕೆ ನಗರಸಭೆಯ ಕಾನೂನಿನ ಬೆಂಬಲವನ್ನು ಪಡೆಯಬೇಕೆಂಬ ಆಶೆಯೂ ಇತ್ತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಲೂಯಿವಿಲ್ ನಗರದ ಇಂತಹದೇ ಒಂದು ಕಟ್ಟಳೆಯನ್ನು ರದ್ದುಮಾಡಿತು. ಬ್ಯೂಕನನ್ ಮತ್ತು ವಾರ್ಲಿ ಎಂಬವರ ನಡುವಣ ಆ ವ್ಯಾಜ್ಯದಲ್ಲಿ ಗೆದ್ದ ವಾದಿಯು ಬಿಳಿಯ ದಲ್ಲಾಳಿ. ತನ್ನ ನಿವೇಶನವನ್ನು ಇಷ್ಟಬಂದವರಿಗೆ ಮಾರುವ ಹಕ್ಕು ತನಗುಂಟೆಂಬುದು ಅವನ ವಾದ. ಜನಾಂಗವನ್ನು ನೋಡಿ ವಾಸಸ್ಥಳವನ್ನು ಗೊತ್ತುಮಾಡುವ ಅಧಿಕಾರ ನಗರಸಭೆಗಳಿಗಿಲ್ಲವೆಂದು ತೀರ್ಪಾಯಿತು. ಸರ್ಕಾರಕ್ಕೆ ನಿಷೇಧವಾದ ಕೆಲಸವು ಅಲ್ಲಿಂದ ಮುಂದೆ ಸಂಘದ ಕೈಗೆ ಬಂದಿತು.

ಸಂಘದ ಕೈಯೊಂದೇ ಅಲ್ಲ. ೧೯೧೭ರ ಜುಲೈಯಿಂದ ೧೯೨೧ರ ಮಾರ್ಚಿಯವರೆಗೆ ಶಿಕಾಗೊ ನಗರದಲ್ಲಿ ಕಪ್ಪುಜನರ ಮನೆಗಳ ಮೇಲೂ ಅವರಿಗೆ ಮನೆ ಕೊಟ್ಟವರ ಮನೆಗಳ ಮೇಲೂ ಐವತ್ತೆಂಟು ಬಾಂಬುಗಳು ಬಿದ್ದುವೆಂದು ಮುಂದೆ ವಿಚಾರಣೆ ನಡೆಸಿದ ಆಯೋಗವು ಲೆಕ್ಕ ಹಾಕಿದೆ. ೧೯೧೯ರ ಜುಲೈಯ ದೊಂಬಿಯಲ್ಲಿ ಮೂವತ್ತೆಂಟು ಮಂದಿ ಸತ್ತರು. ಅವರಲ್ಲಿ ಇಪ್ಪತ್ತಮೂವರು ಕಪ್ಪುಜನ. ಬಾಂಬು ಹಾಕಿದವರು ದಲ್ಲಾಳಿಗಳೆಂದು ಹೇಳಲಾಗದು. ಆದರೆ ೧೯೨೧ರಲ್ಲಿ ಶಿಕಾಗೊ ಮಂಡಲಿಯು, ಬಿಳಿಯರು ಒಡೆಯರಾಗಿರುವ ಚೌಕದಲ್ಲಿ ಕಪ್ಪುವರ್ಣದವನಿಗೆ ಮನೆ ಮಾರಿಸಿದ ಸದಸ್ಯನನ್ನು ಹೊರಹಾಕತಕ್ಕದ್ದೆಂದು ನಿರ್ಣಯಿಸಿದಾಗ, ಬಾಂಬಿನ ಉದ್ದೇಶವೂ ನಿರ್ಣಯದ ಉದ್ದೇಶವೂ ಒಂದೇ ಆಗಿದ್ದುದನ್ನು ಯಾರೂ ಅಲ್ಲಗಳೆಯಲಾರರು. ಬಹಿಷ್ಕಾರವೆಂಬುದು ದಲ್ಲಾಳಿಗೆ ಸಣ್ಣ ಶಿಕ್ಷೆಯಲ್ಲ. ಇತರ ಸದಸ್ಯರ ಬಳಿಯಿರುವ ಮನೆಗಳ ಪಟ್ಟಿ ಅವನಿಗೆ ದೊರೆಯದು. ಅವನೊಡನೆ ಕೂಡಿ ವ್ಯವಹಾರ ಮಾಡುವವರಿಲ್ಲ. ಹೆಸರಿನ ಮುಂದಿನ ಬಿರುದೂ ಇಲ್ಲ. ಸರ್ವಸ್ವಹರಣವೂ ರಾಷ್ಟ್ರದಿಂದ ಉಚ್ಚಾಟನೆಯೂ ಬೇರೆ ರೂಪದಲ್ಲಿ ಇಲ್ಲಿ ಕಾಣಿಸಿಕೊಂಡುವು.

ಊರಿನ ಮಂಡಲಿಯು ಮಾಡಿದುದನ್ನು ೧೯೨೪ರಲ್ಲಿ ರಾಷ್ಟ್ರೀಯ ಸಂಘವು ತನ್ನ ನೀತಿಸಂಹಿತೆಯ ಮೂವತ್ತನಾಲ್ಕನೆಯ ವಿಧಿಯಾಗಿ ಬರೆಯಿತು. ಯಾವ ಬಗೆಯ ಸ್ವತ್ತಾಗಲಿ ವಾಸವಾಗಲಿ, ಯಾವ ಜನಾಂಗದ ಅಥವಾ ರಾಷ್ಟ್ರದ ಜನರಾಗಲಿ, ಯಾವ ವ್ಯಕ್ತಿಗಳಾಗಲಿ ಬಂದುದರಿಂದ ಒಂದು ನೆರೆಕೇರಿಯ ಸ್ವತ್ತಿನ ಬೆಲೆಗೆ ಸ್ಪಷ್ಟವಾಗಿ ಹಾನಿಯುಂಟಾಗುವುದೋ, ಅದನ್ನು ಅಥವಾ ಅವರನ್ನು ಅಲ್ಲಿಗೆ ಬರಮಾಡುವುದಕ್ಕೆ ರಿಯಲ್ಟರನು ಎಂದಿಗೂ ಸಾಧನವಾಗಬಾರದು ಎಂಬುದು ಅದರ ತಾತ್ಪರ್ಯ. ಶಬ್ದಗಳ ತೂಕವನ್ನು ಬಲ್ಲವರು ಈ ವಾಕ್ಯವನ್ನು ಎರಡು ಸಲ ಓದಬೇಕು. ಇದರಲ್ಲಿ ದ್ವೇಷದ ಮಾತೊಂದೂ ಇಲ್ಲ. ಯಾವ ಜನಾಂಗದ ಹೆಸರೂ ಇಲ್ಲ. ಕಸಾಯಿಖಾನೆ ಮೊದಲಾದ ಸ್ವತ್ತಿನ ಬಗೆಗೂ, ಕುಡುಕನಂತಹ ವ್ಯಕ್ತಿಗೂ ನಡುವೆ ಒಂದು ಸಮಸ್ತ ಜನಾಂಗವನ್ನು ಕುಳ್ಳಿರಿಸಿ, ಮೂರಕ್ಕೂ ಒಂದೇ ಕ್ರಿಯಾಪದವನ್ನು ಹೊಂದಿಸಿದೆ. ಬೆಲೆಗೆ ಹಾನಿಯಾಗುವುದೆಂಬುದನ್ನು ಯಾರು ಅಳೆದರು, ಯಾವ ಊರಿನಲ್ಲಿ ಅಳೆದರು ಎಂಬ ಪ್ರಶ್ನೆಯನ್ನು ‘ಸ್ಪಷ್ಟವಾಗಿ’ ಎಂಬ ಒಂದು ಕ್ರಿಯಾವಿಶೇಷಣವು ಮುಚ್ಚಿಬಿಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಇದು ನೀತಿಸಂಹಿತೆಯ ವಿಧಿ. ಕಕ್ಷಿಗಾರನಿಗೆ ಸುಳ್ಳು ಹೇಳಬಾರದೆಂಬ ವಿಧಿಯ ಸಾಲಿನಲ್ಲಿಯೇ ಇದೂ ಕುಳಿತುದರಿಂದ, ಕಪ್ಪುವರ್ಣದ ಉಪಾಧ್ಯಾಯನಿಗೆ ಮನೆ ತೋರಿಸದಿರುವುದು ಲಾಭದ ವಿಷಯವಾಗಿ ಮಾತ್ರ ಉಳಿಯದೆ ಸಚ್ಚಾರಿತ್ರ್ಯದ ಲಕ್ಷಣವಾಯಿತು.

ಸದಸ್ಯನನ್ನು ಸಂಹಿತೆಯು ಕಟ್ಟಿಹಾಕಿತು. ಮನೆಯ ಒಡೆಯನನ್ನು ಕಟ್ಟಿಹಾಕಲು ಬೇರೊಂದು ಉಪಾಯ ಬೇಕಾಗಿತ್ತು. ಒಂದು ಬೀದಿಯ ಒಡೆಯರೆಲ್ಲರೂ ಸೇರಿ, ಇಂತಿಷ್ಟು ವರ್ಷಗಳವರೆಗೆ ತಮ್ಮ ಸ್ವತ್ತನ್ನು ಇಂತಹ ಜನಾಂಗದವರಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ ಎಂದು ಪರಸ್ಪರ ಒಡಂಬಟ್ಟು, ಆ ಪತ್ರವನ್ನು ರಿಜಿಸ್ಟರು ಮಾಡಿಸುವ ಪದ್ಧತಿ ಮೊದಲೇ ಇತ್ತು. ೧೯೨೬ರಲ್ಲಿ ವಾಷಿಂಗ್ಟನ್ನಿನ ಇಂತಹ ಒಡಂಬಡಿಕೆಯೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಇದು ಖಾಸಗಿ ವ್ಯಕ್ತಿಗಳ ಕರಾರು, ಇದರಲ್ಲಿ ರಾಜ್ಯಾಂಗದ ಪ್ರಶ್ನೆಯೇ ಇಲ್ಲವೆಂದು ನ್ಯಾಯಾಲಯವು ಕೈತೊಳೆದುಕೊಂಡಿತು. ಮರುವರ್ಷವೇ ಮ್ಯಾಕ್‌ಚೆಸ್ನಿಯು ಶಿಕಾಗೊ ಮಂಡಲಿಗಾಗಿ ಒಡಂಬಡಿಕೆಯ ಮಾದರಿಯೊಂದನ್ನು ಬರೆದುಕೊಟ್ಟನು. ಲೈಸೆನ್ಸಿನ ಮಸೂದೆಯನ್ನು ಬರೆದ ಲೇಖನಿಯೇ ಇದನ್ನೂ ಬರೆಯಿತು. ಮಂಡಲಿಯ ಉಪನ್ಯಾಸಕರು ಸಭೆಯಿಂದ ಸಭೆಗೆ ಹೋಗಿ ಒಡೆಯರ ಸಹಿಗಳನ್ನು ಕೂಡಿಸಿದರು.

ಶಿಕಾಗೊ ನಗರದಲ್ಲಿ ಬಳಕೆಗೆ ಬಂದ ಈ ಪತ್ರಗಳಲ್ಲಿ ಎರಡು ವಿಷಯಗಳು ಗಮನಾರ್ಹವಾಗಿವೆ. ನೀಗ್ರೋ ಎಂದರೆ ಯಾರು ಎಂಬುದಕ್ಕೆ ಅಲ್ಲಿ ಲಕ್ಷಣ ಕೊಟ್ಟಿದೆ: ಎಂಟರಲ್ಲಿ ಒಂದು ಪಾಲು ಅಥವಾ ಹೆಚ್ಚು ಆ ರಕ್ತವುಳ್ಳವನು. ಮುತ್ತಜ್ಜರಲ್ಲಿ ಒಬ್ಬನು ಸಾಕು. ಇನ್ನೊಂದು ಅಪವಾದದ ವಾಕ್ಯ. ದ್ವಾರಪಾಲಕ, ಮೋಟಾರು ನಡೆಯಿಸುವವನು, ಮನೆಯ ಆಳು, ಇವರು ನೆಲಮಾಳಿಗೆಯಲ್ಲಾಗಲಿ ಹಿತ್ತಲಿನ ಕೊಟ್ಟಿಗೆಯಲ್ಲಾಗಲಿ ಸೇವಕರ ಕೋಣೆಯಲ್ಲಾಗಲಿ ವಾಸಮಾಡಿಕೊಂಡಿದ್ದರೆ ಅಡ್ಡಿಯಿಲ್ಲ. ನೆರೆಕೇರಿಯ ಬೆಲೆಗೆ ಹಾನಿಯನ್ನುಂಟುಮಾಡುವ ಮನುಷ್ಯನೇ ಚಾಕರಿಯ ಉಡುಪನ್ನು ತೊಟ್ಟು ಅದೇ ಮನೆಯ ತಳದಲ್ಲಿ ಮಲಗಿದರೆ ಹಾನಿಯಿಲ್ಲ. ಬೆಲೆಯ ಸಿದ್ಧಾಂತವನ್ನು ಖಂಡಿಸುವುದಕ್ಕೆ ಈ ವಾಕ್ಯಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಿಲ್ಲ. ವರ್ಣದ ಮೇಲುಕೀಳನ್ನು ಹಿತ್ತಲಬಾಗಿಲಿನಿಂದ ಅಳೆಯುವ ಪದ್ಧತಿಯನ್ನು ಕಂಡ ನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾದುದೂ ಇಲ್ಲ.

ಸಂಘದ ನಂಬಿಕೆಯು ಅಂಕಿಗಳ ವೇಷವನ್ನು ಧರಿಸಿದುದು ೧೯೩೩ರಲ್ಲಿ. ಹೋಮರ್ ಹಾಯ್ಟ್ ಎಂಬ ವಿದ್ವಾಂಸನು ಶಿಕಾಗೊ ನಗರದ ನೂರು ವರ್ಷಗಳ ಭೂಬೆಲೆಯನ್ನು ಕುರಿತು ಬರೆದ ಗ್ರಂಥವು ಶ್ರಮದಿಂದಲೂ ಪಾಂಡಿತ್ಯದಿಂದಲೂ ಕೂಡಿದ್ದು. ಅದರ ಬಹುಭಾಗಕ್ಕೆ ಇಂದಿಗೂ ಬೆಲೆಯುಂಟು. ಆದರೆ ಅದರಲ್ಲಿ ಭೂಮಿಯ ಬೆಲೆಗೆ ಹಿತವಾಗುವ ಕ್ರಮದಲ್ಲಿ ಜನಾಂಗಗಳನ್ನು ಹತ್ತು ಮೆಟ್ಟಿಲುಗಳಾಗಿ ನಿಲ್ಲಿಸಿದ ಪಟ್ಟಿಯೊಂದಿದೆ. ಮೇಲಿನ ಮೆಟ್ಟಿಲಿನಲ್ಲಿ ಇಂಗ್ಲಿಷರು, ಜರ್ಮನರು, ಸ್ಕಾಟರು, ಐರಿಷರು, ಸ್ಕ್ಯಾಂಡಿನೇವಿಯದವರು, ನಡುವೆ ಪೋಲರು, ಗ್ರೀಕರು ಮೊದಲಾದವರು, ಒಂಬತ್ತನೆಯದರಲ್ಲಿ ನೀಗ್ರೋಗಳು, ಹತ್ತನೆಯದರಲ್ಲಿ ಮೆಕ್ಸಿಕದವರು. ಈ ಕ್ರಮಕ್ಕೆ ಆಧಾರವು ಅಂಕಿಅಂಶಗಳಲ್ಲ, ಪಟ್ಟಣದ ಒಬ್ಬ ದಲ್ಲಾಳಿಯ ಅಭಿಪ್ರಾಯ. ದಲ್ಲಾಳಿಯ ಮಾತು ವಿದ್ವಾಂಸನ ಗ್ರಂಥವನ್ನು ಹೊಕ್ಕು ಶಾಸ್ತ್ರವಾಗಿ ಹೊರಬಂದಿತು.

೧೯೩೪ರಲ್ಲಿ ಅಮೆರಿಕೆಯ ಸರ್ಕಾರವು ಮನೆ ಕಟ್ಟುವವರಿಗೆ ಕೊಡುವ ಸಾಲಕ್ಕೆ ವಿಮೆ ನೀಡುವ ಇಲಾಖೆಯನ್ನು ತೆರೆಯಿತು. ಅಂದಿನ ಮುಗ್ಗಟ್ಟಿನಲ್ಲಿ ಅದು ಲಕ್ಷಾಂತರ ಕುಟುಂಬಗಳಿಗೆ ಸ್ವಂತ ಮನೆಯನ್ನು ದೊರಕಿಸಿತೆಂಬುದನ್ನು ಮರೆಯಕೂಡದು. ಆದರೆ ಆ ಇಲಾಖೆಯು ಯಾವ ಮನೆಗೆ ವಿಮೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ಕೈಪಿಡಿಯನ್ನು ಸಿದ್ಧಪಡಿಸಿದವರು ಈಲಿಯ ಸಂಶೋಧನಾಲಯದಿಂದಲೂ ಸಂಘದ ವಲಯದಿಂದಲೂ ಬಂದವರು. ಬೆಲೆಕಟ್ಟುವಿಕೆಯ ವಿಷಯದಲ್ಲಿ ಪ್ರಮಾಣಗ್ರಂಥ ಬರೆದ ಫ್ರೆಡರಿಕ್ ಬ್ಯಾಬ್‌ಕಾಕ್ ಅದರಲ್ಲಿ ಮುಖ್ಯನು. ಹಾಯ್ಟನೂ ಅಲ್ಲಿ ಕೆಲಸಮಾಡಿದನು. ೧೯೩೮ರ ಕೈಪಿಡಿಯು ನೆರೆಕೇರಿಯಲ್ಲಿ ಜನಾಂಗಗಳು ಬೆರೆಯುವುದನ್ನು ದೋಷವೆಂದು ಎಣಿಸಿತು. ನಿರ್ಬಂಧದ ಒಡಂಬಡಿಕೆಗಳಿರುವುದನ್ನು ಗುಣವೆಂದು ಎಣಿಸಿತು. ಸಾಲ ಬೇಕಾದ ಬಡಾವಣೆಕಾರನು ಮನಸ್ಸಿನಲ್ಲಿ ಏನೇ ಇದ್ದರೂ ಒಡಂಬಡಿಕೆಯನ್ನು ಬರೆಯಬೇಕಾಯಿತು. ಹದಿನಾಲ್ಕು ವರ್ಷಗಳ ಹಿಂದೆ ಸದಸ್ಯರಿಗೆ ಮಾತ್ರ ಸಲ್ಲುತ್ತಿದ್ದ ನಿಯಮವೊಂದು ಹೀಗೆ ಸರ್ಕಾರದ ಬೊಕ್ಕಸದ ನಿಯಮವಾಯಿತು. ಒಂದು ಶಾಸನಸಭೆಯಾದರೂ ಇದರ ಮೇಲೆ ಮತ ಕೊಟ್ಟಿರಲಿಲ್ಲ.

೧೯೩೭ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕಪ್ಪುವರ್ಣದ ವ್ಯವಹಾರಸ್ಥನು ಶಿಕಾಗೊ ನಗರದ ವಾಷಿಂಗ್ಟನ್ ಪಾರ್ಕ್ ಬಡಾವಣೆಯಲ್ಲಿ ಒಡಂಬಡಿಕೆಗೆ ಒಳಪಟ್ಟ ಮನೆಯೊಂದನ್ನು ಕೊಂಡನು. ಇವನೂ ಮನೆ ಬಾಡಿಗೆಯ ವ್ಯಾಪಾರಿಯೇ. ದೊಡ್ಡ ಮನೆಗಳನ್ನು ಒಂದೊಂದು ಕೋಣೆಯ ಬಿಡಾರಗಳಾಗಿ ಕತ್ತರಿಸಿ ಬಾಡಿಗೆಗೆ ಕೊಟ್ಟು ಹಣವಂತನಾದವನು. ನಿರ್ಬಂಧದಿಂದ ಉಂಟಾದ ಇಕ್ಕಟ್ಟು ಅವನಿಗೂ ಲಾಭ ತಂದಿತ್ತೆಂಬುದನ್ನು ಚರಿತ್ರಕಾರರು ಮುಚ್ಚಿಡಬೇಕಾಗಿಲ್ಲ. ನೆರೆಯವರು ಗುಂಪುಕಟ್ಟಿ ಬಂದು ಮನೆಯ ಮೇಲೆ ಕಲ್ಲು ತೂರಿದರು. ಅವನ ಚಿಕ್ಕ ಮಗಳು ಲೊರೇನಳು ಕೂದಲೆಳೆಯಲ್ಲಿ ಪಾರಾದಳು. ಬಳಿಕ ದಾವೆ ನಡೆಯಿತು. ಆ ಬಡಾವಣೆಯ ಒಡಂಬಡಿಕೆಯು ಊರ್ಜಿತವಾಗಬೇಕಾದರೆ ಬೀದಿಯ ಮುಖದಳತೆಯ ನೂರಕ್ಕೆ ತೊಂಬತ್ತೈದು ಪಾಲಿನ ಒಡೆಯರು ಸಹಿ ಹಾಕಿರಬೇಕಾಗಿತ್ತು. ಹಿಂದಿನ ವ್ಯಾಜ್ಯವೊಂದರಲ್ಲಿ ಎರಡು ಕಕ್ಷಿಗಳೂ ಅಷ್ಟು ಸಹಿ ಬಿದ್ದಿವೆಯೆಂದು ಒಪ್ಪಿಕೊಂಡುಬಿಟ್ಟಿದ್ದರು. ನಿಜವಾಗಿ ಬಿದ್ದುದು ನೂರಕ್ಕೆ ಸುಮಾರು ಐವತ್ತನಾಲ್ಕು. ಆದರೂ ಒಮ್ಮೆ ತೀರ್ಮಾನವಾದುದನ್ನು ಮತ್ತೆ ಕೆದಕಕೂಡದೆಂದು ಇಲಿನಾಯಿ ಪ್ರಾಂತದ ನ್ಯಾಯಾಲಯಗಳು ಹ್ಯಾನ್ಸ್‌ಬೆರಿಯ ವಿರುದ್ಧ ತೀರ್ಪಿತ್ತವು. ೧೯೪೦ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿಂದಿನ ದಾವೆಯಲ್ಲಿ ತನ್ನ ಪರವಾಗಿ ಯಾರೂ ಇಲ್ಲದವನನ್ನು ಆ ತೀರ್ಪಿನಿಂದ ಕಟ್ಟಿಹಾಕಲಾಗದೆಂದು ಹೇಳಿ ಅವನನ್ನು ಗೆಲ್ಲಿಸಿತು. ಒಡಂಬಡಿಕೆಯು ನ್ಯಾಯವೋ ಅನ್ಯಾಯವೋ ಎಂಬ ಮಾತನ್ನು ಮಾತ್ರ ಮುಟ್ಟಲಿಲ್ಲ. ಹ್ಯಾನ್ಸ್‌ಬೆರಿಯು ಆಶೆ ಸೋತು, ದೇಶಬಿಟ್ಟು, ೧೯೪೬ರಲ್ಲಿ ಮೆಕ್ಸಿಕದಲ್ಲಿ ತೀರಿಕೊಂಡನು. ಅವನ ಮಗಳು ಬರೆದ ‘ಎ ರೇಸಿನ್ ಇನ್ ದ ಸನ್’ ನಾಟಕವು ೧೯೫೯ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿತು. ಬಿಳಿಯರ ಕೇರಿಯಲ್ಲಿ ಮನೆ ಕೊಂಡ ಕಪ್ಪು ಕುಟುಂಬಕ್ಕೆ ಹಣ ಕೊಟ್ಟು ಬಾರದಂತೆ ತಡೆಯಲು ಅದರಲ್ಲಿ ಬರುವವನು ಒಬ್ಬ ಸಂಘದ ಪ್ರತಿನಿಧಿ. ಬಹಳ ಸೌಜನ್ಯದಿಂದ ಮಾತನಾಡುವವನು. ಸಂಹಿತೆಯ ವಾಕ್ಯದಲ್ಲಿ ದ್ವೇಷದ ಶಬ್ದವಿಲ್ಲದಿದ್ದುದಕ್ಕೂ ಈ ಪಾತ್ರದ ಸೌಜನ್ಯಕ್ಕೂ ಇರುವ ಸಂಬಂಧವನ್ನು ನಾಟಕವನ್ನು ಪಾಠ ಹೇಳುವವರು ತೋರಿಸಬಹುದು.

ಮುಖ್ಯ ಪ್ರಶ್ನೆಯು ತೀರ್ಮಾನವಾದುದು ೧೯೪೮ರ ಮೇ ೩ರಂದು. ಸೇಂಟ್ ಲೂಯಿ ನಗರದ ಲಬಾಡಿ ಬೀದಿಯ ಮೂವತ್ತೊಂಬತ್ತು ಒಡೆಯರಲ್ಲಿ ಮೂವತ್ತು ಮಂದಿ ೧೯೧೧ರಲ್ಲಿ ಐವತ್ತು ವರ್ಷಗಳ ಅವಧಿಗೆ, ನೀಗ್ರೋ ಮತ್ತು ಮಂಗೋಲ ಜನಾಂಗದವರು ಅಲ್ಲಿ ವಾಸಿಸದಂತೆ ಒಡಂಬಡಿಕೆ ಮಾಡಿಕೊಂಡಿದ್ದರು. ೧೯೪೫ರಲ್ಲಿ ಶೆಲ್ಲಿ ದಂಪತಿಗಳು ಇದನ್ನರಿಯದೆ ಅಲ್ಲಿ ಮನೆ ಕೊಂಡರು. ಕ್ರೇಮರ್ ಎಂಬ ನೆರೆಯವರು ದಾವೆ ಹೂಡಿದರು. ಆ ಮನೆಯನ್ನು ಕೊಡಿಸಿದ ಜೇಮ್ಸ್ ಬುಶ್ ಎಂಬ ಕಪ್ಪುವರ್ಣದ ದಲ್ಲಾಳಿಯು ತನ್ನ ವೃತ್ತಿಯವರನ್ನು ಕೂಡಿಸಿ ಬೇರೆ ಸಂಘ ಕಟ್ಟಿ ವ್ಯಾಜ್ಯದ ವೆಚ್ಚವನ್ನು ಒದಗಿಸಿದನು. ವೃತ್ತಿಸಂಘವು ಬರೆದ ಕಟ್ಟಳೆಯನ್ನು ಮುರಿಯುವುದಕ್ಕೂ ವೃತ್ತಿಸಂಘವೇ ಬೇಕಾಯಿತೆಂಬುದು ಈ ಚರಿತ್ರೆಯ ಸ್ವಾರಸ್ಯವಾದ ಭಾಗ. ೧೯೪೭ರಲ್ಲಿ ಫ್ಲಾರಿಡದ ಟ್ಯಾಂಪ ನಗರದಲ್ಲಿ ಇಂತಹವರದೇ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ರಿಯಲ್ಟರೆಂಬ ಹೆಸರು ತಮಗೆ ದೊರೆಯದುದರಿಂದ ಅವರು ‘ರಿಯಲ್ಟಿಸ್ಟ್’ ಎಂಬ ಹೆಸರನ್ನು ಇಟ್ಟುಕೊಂಡರು.

ಪೀಠದ ಮೂವರು ನ್ಯಾಯಾಧೀಶರು ಈ ವಿಚಾರಣೆಯಿಂದ ಹಿಂದೆ ಸರಿದರು; ಉಳಿದ ಆರು ಮಂದಿ ಏಕಾಭಿಪ್ರಾಯದಿಂದ ತೀರ್ಪಿತ್ತರು. ಮುಖ್ಯ ನ್ಯಾಯಾಧೀಶ ವಿನ್ಸನ್ ಬರೆದ ತೀರ್ಪಿನ ವಾದಸರಣಿಯು ಸೂಕ್ಷ್ಮವಾದುದು. ಖಾಸಗಿಯವರು ತಮ್ಮೊಳಗೆ ಒಡಂಬಟ್ಟು ತಾವಾಗಿಯೇ ನಡೆಯಿಸಿಕೊಂಡರೆ ರಾಜ್ಯಾಂಗಕ್ಕೆ ಭಂಗವಿಲ್ಲ. ಆದರೆ ನಡೆಯಿಸಿಕೊಡೆಂದು ನ್ಯಾಯಾಲಯಕ್ಕೆ ಬಂದೊಡನೆ ಅದು ರಾಜ್ಯದ ಕೃತ್ಯವಾಗುವುದು. ರಾಜ್ಯವು ಜನಾಂಗಭೇದವನ್ನು ಮಾಡಕೂಡದು. ಸಮೂಹದ ಸಮಯಕ್ಕೆ ಅರಸನು ಯಾವಾಗ ಕೈಕೊಡಬೇಕು, ಯಾವಾಗ ಕೈ ಹಿಂದೆಗೆಯಬೇಕು ಎಂಬ ವಿಚಾರದಲ್ಲಿ ಮಿತಾಕ್ಷರೆಯ ಷರತ್ತಿಗೆ ಇಷ್ಟು ಹತ್ತಿರ ಬಂದ ಆಧುನಿಕ ತೀರ್ಪು ಅಪರೂಪ. ಭೇದವಿಷ್ಟೆ: ವಿಜ್ಞಾನೇಶ್ವರನ ಮೇಲುಕಟ್ಟಳೆಯು ಶ್ರುತಿಸ್ಮೃತಿ, ವಿನ್ಸನನದು ಹದಿನಾಲ್ಕನೆಯ ತಿದ್ದುಪಡಿ; ಮೊದಲನೆಯದರಲ್ಲಿ ವರ್ಣಭೇದಕ್ಕೆ ಎಡೆಯಿತ್ತು, ಎರಡನೆಯದು ಅದನ್ನು ಅಳಿಸಲೆಂದೇ ಬಂದುದು.

ತೀರ್ಪಿನ ಮರುದಿನವೇ ಪಟ್ಟಣಗಳು ಬದಲಾಗಲಿಲ್ಲ. ಸಾಲದ ವಿಮೆಯ ಇಲಾಖೆಯು ೧೯೫೦ರ ಫೆಬ್ರವರಿಯ ಬಳಿಕ ಹೊಸದಾಗಿ ಒಡಂಬಡಿಕೆ ಬರೆದ ಸ್ವತ್ತುಗಳಿಗೆ ವಿಮೆ ನಿಲ್ಲಿಸಿತು. ಅದೇ ವರ್ಷ ಸಂಘವು ಮೂವತ್ತನಾಲ್ಕನೆಯ ವಿಧಿಯನ್ನು ತಿದ್ದಿ, ಜನಾಂಗ, ರಾಷ್ಟ್ರ ಎಂಬ ಶಬ್ದಗಳನ್ನು ತೆಗೆದುಹಾಕಿ, ನೆರೆಕೇರಿಯ ಬೆಲೆಗೆ ಹಾನಿ ತರುವ ಸ್ವತ್ತು ಮತ್ತು ಅದರ ಬಳಕೆ ಎಂಬಷ್ಟನ್ನು ಉಳಿಸಿಕೊಂಡಿತು. ಮೂವತ್ತು ವರ್ಷ ಒಂದೇ ಪಾಠವನ್ನು ಓದಿದವರಿಗೆ ಉಳಿದ ಶಬ್ದಗಳಿಂದಲೇ ತೆಗೆದ ಶಬ್ದಗಳು ಕೇಳಿಸುತ್ತಿದ್ದುವು. ಅ ವರ್ಷದ ಮೇ ತಿಂಗಳಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ದಲ್ಲಾಳಿತನದ ದರವನ್ನು ಎಲ್ಲ ಸದಸ್ಯರೂ ಒಂದೇ ಆಗಿ ವಸೂಲುಮಾಡಬೇಕೆಂಬ ವಾಷಿಂಗ್ಟನ್ ಮಂಡಲಿಯ ನಿಯಮವು ಸ್ಪರ್ಧೆಯನ್ನು ಅಡಗಿಸುವುದರಿಂದ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ರಾಷ್ಟ್ರೀಯ ಸಂಘವು ಮಾತ್ರ ಆ ದೋಷದಿಂದ ಬಿಡುಗಡೆ ಪಡೆಯಿತು.

ಕ್ಯಾಲಿಫೋರ್ನಿಯದ ಪ್ರಕರಣವು ಸಂಘದ ಶಕ್ತಿಯನ್ನು ಚೆನ್ನಾಗಿ ತೋರಿಸುವುದು. ೧೯೬೩ರಲ್ಲಿ ಅಲ್ಲಿಯ ಶಾಸನಸಭೆಯು ಮನೆ ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ಜನಾಂಗಭೇದ ಮಾಡಕೂಡದೆಂದು ಕಾಯಿದೆ ಮಾಡಿತು. ಪ್ರಾಂತದ ದಲ್ಲಾಳಿಗಳ ಸಂಘವು ಸಹಿಗಳನ್ನು ಕೂಡಿಸಿ, ಅದನ್ನು ನಿರರ್ಥಕಗೊಳಿಸುವ ತಿದ್ದುಪಡಿಯನ್ನು ೧೯೬೪ರಲ್ಲಿ ಜನಮತಕ್ಕೆ ತಂದಿತು. ನೂರಕ್ಕೆ ಸುಮಾರು ಅರವತ್ತೈದು ಮಂದಿ ಅದರ ಪರವಾಗಿ ಮತ ಕೊಟ್ಟರು. ಈಗ ಸಂಘದ ವಾದವು ಬೆಲೆಯದಲ್ಲ, ಸ್ವಾತಂತ್ರ್ಯದ್ದು: ತನ್ನ ಸ್ವತ್ತನ್ನು ಇಷ್ಟಬಂದವರಿಗೆ ಮಾರುವ ಹಕ್ಕು ಒಡೆಯನಿಗಿರಬೇಕೆಂಬುದು. ೧೯೧೭ರಲ್ಲಿ ಕಪ್ಪುಜನರ ಪಕ್ಷದ ವಾದವಾಗಿದ್ದುದೂ ಇದೇ. ಒಡಂಬಡಿಕೆಗಳ ಕಾಲದಲ್ಲಿ ಸಂಘವು ನಿರ್ಲಕ್ಷಿಸಿದುದೂ ಇದನ್ನೇ. ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಐದಕ್ಕೆ ನಾಲ್ಕು ಮತಗಳಿಂದ ತಳ್ಳಿಹಾಕಿತು. ಮಾರ್ಟಿನ್ ಲೂಥರ್ ಕಿಂಗನ ಕೊಲೆಯಾದ ಒಂದು ವಾರದಲ್ಲಿ, ೧೯೬೮ರ ಏಪ್ರಿಲ್ ೧೧ರಂದು, ಸಂಘವು ವಿರೋಧಿಸುತ್ತಲೇ ಬಂದಿದ್ದ ರಾಷ್ಟ್ರೀಯ ಕಾಯಿದೆಯು ಜಾರಿಗೆ ಬಂದಿತು. ೧೯೭೪ರಲ್ಲಿ, ಮೊದಲ ನೀತಿಸಂಹಿತೆಗೆ ಅರವತ್ತು ವರ್ಷಗಳು ತುಂಬಿದ ಮೇಲೆ, ಜನಾಂಗವನ್ನು ನೋಡಿ ಯಾರಿಗೂ ಸೇವೆಯನ್ನು ನಿರಾಕರಿಸಕೂಡದೆಂಬ ವಿಧಿಯು ಅದರಲ್ಲಿ ಸೇರಿತು.

ದಲ್ಲಾಳಿತನದ ಹಣದ ವ್ಯಾಜ್ಯವು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಮಾರುವವನ ದಲ್ಲಾಳಿಯು ಕೊಳ್ಳುವವನ ದಲ್ಲಾಳಿಗೂ ಪಾಲು ಕೊಡುವುದಾಗಿ ಮೊದಲೇ ಸಾರಬೇಕೆಂಬ ಸಂಘದ ನಿಯಮದ ಮೇಲೆ ಮಿಸೌರಿಯಲ್ಲಿ ನಡೆದ ದಾವೆಯಲ್ಲಿ ೨೦೨೩ರ ಅಕ್ಟೋಬರ್ ೩೧ರಂದು ಜೂರಿಯು ಸುಮಾರು ೧೮೦ ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು. ಮುಂದಿನ ಮಾರ್ಚಿಯಲ್ಲಿ ಸಂಘವು ೪೧ ಕೋಟಿ ೮೦ ಲಕ್ಷ ಡಾಲರುಗಳಿಗೆ ರಾಜಿಮಾಡಿಕೊಂಡು, ೨೦೨೪ರ ಆಗಸ್ಟ್ ೧೭ರಿಂದ ಆ ನಿಯಮವನ್ನು ಕೈಬಿಟ್ಟಿತು. ಒಂದು ಸಂಘದ ಒಳನಿಯಮವು ತೆಗೆದುಹೋದುದಕ್ಕೆ ಇಡೀ ದೇಶದ ಕ್ರಯಪದ್ಧತಿಯೇ ಬದಲಾಗಬೇಕಾಯಿತು.

ಇದಕ್ಕೂ ಮೊದಲು, ೨೦೨೦ರ ನವೆಂಬರಿನಲ್ಲಿ, ಸಂಘದ ಅಂದಿನ ಅಧ್ಯಕ್ಷ ಚಾರ್ಲಿ ಆಪ್ಲರ್ ಹಿಂದಿನ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದನು. ಆ ಹೊತ್ತಿಗೆ ಒಡಂಬಡಿಕೆಗಳ ಸ್ಥಿತಿ ಹೇಗಿತ್ತೆಂದರೆ, ಅವು ರಿಜಿಸ್ಟ್ರಾರರ ಕಛೇರಿಗಳಲ್ಲಿ ಹಾಗೆಯೇ ಕುಳಿತಿದ್ದುವು. ಕಾನೂನಿನಲ್ಲಿ ಬಲವಿಲ್ಲದಿದ್ದರೂ ಮನೆಯು ಕೈಬದಲಾಯಿಸಿದಂತೆಲ್ಲ ಹಳೆಯ ಪತ್ರವೂ ಅದರ ಹಿಂದೆ ಹೋಗುತ್ತ ಬಂದಿತು. ಮಿನಿಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೬ರಿಂದ ಈ ಪತ್ರಗಳನ್ನು ಒಂದೊಂದಾಗಿ ಓದಿ, ಯಾವ ಮನೆಗೆ ಯಾವ ನಿರ್ಬಂಧವಿತ್ತೆಂಬುದನ್ನು ನಕ್ಷೆಯಲ್ಲಿ ಗುರುತಿಸಿದರು. ೨೦೧೯ರಲ್ಲಿ ಆ ಪ್ರಾಂತವು, ಇಷ್ಟಪಟ್ಟ ಒಡೆಯನು ತನ್ನ ಮನೆಯ ಒಡಂಬಡಿಕೆಯನ್ನು ವಿಸರ್ಜಿಸಿದುದಾಗಿ ಪತ್ರವೊಂದನ್ನು ಬರೆದು ರಿಜಿಸ್ಟರು ಮಾಡಿಸಬಹುದೆಂದು ಕಾಯಿದೆ ಮಾಡಿತು. ಮೂಲವನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪತ್ರವನ್ನು ಸೇರಿಸುತ್ತಾರೆ.